ಬೂದಿ ಮುಚ್ಚಿದ ಕೆಂಡ: ಅವ್ಯಕ್ತ ಕ್ರೋಧವನ್ನು ಕುರಿತ ಒಂದು ಐತಿಹಾಸಿಕ ವಿವೇಚನೆ

ಕ್ರೋಧವೆಂದೊಡನೆ ಸಾಮಾನ್ಯವಾಗಿ ಕೆಂಪೇರಿದ ಕಣ್ಣು, ಏರಿದ ಧ್ವನಿ, ಎತ್ತಿದ ಕೈ ನೆನಪಿಗೆ ಬರುತ್ತವೆ. ಆದರೆ ಮನೆಗಳನ್ನು ಒಡೆಯುವುದೂ, ಸಂಘಗಳನ್ನು ಸೀಳುವುದೂ, ಕೈಗೊಂಡ ಧರ್ಮಕಾರ್ಯವನ್ನು ವರ್ಷಗಟ್ಟಲೆ ನಿಲ್ಲಿಸುವುದೂ ಅನೇಕ ವೇಳೆ ಈ ಬಗೆಯ ಕ್ರೋಧವಲ್ಲ. ಅದು ಧ್ವನಿಯೆತ್ತದ ಕ್ರೋಧ. “ನನಗೇನೂ ಬೇಸರವಿಲ್ಲ” ಎನ್ನುತ್ತ ಮಾತು ಬಿಡುವುದು, “ಆಗಲಿ” ಎಂದು ಒಪ್ಪಿ ಕೆಲಸವನ್ನು ಮುಂದೂಡುವುದು, ಹೊಗಳಿಕೆಯೊಳಗೆ ಕೊಂಕನ್ನಿಡುವುದು, ಮರೆತವರಂತೆ ನಟಿಸುವುದು ಇವೆಲ್ಲ ಅದರ ವೇಷಗಳು. ಕನ್ನಡದ ನಾಣ್ಣುಡಿ ಇದನ್ನು ಬೂದಿ ಮುಚ್ಚಿದ ಕೆಂಡವೆಂದು ಕರೆದಿದೆ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂಬ ಗಾದೆಯೂ ಇದರ ಒಂದು ಮುಖವನ್ನೇ ತೋರಿಸುತ್ತದೆ.

ಈ ಅವ್ಯಕ್ತ ಕ್ರೋಧವನ್ನು ಜೈನಾಚಾರ್ಯರು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದ್ದರು, ಕನ್ನಡದ ಕವಿಯೊಬ್ಬನು ಅದರ ಪರಿಣಾಮವನ್ನು ಹೇಗೆ ಚಿತ್ರಿಸಿದನು, ಅದಕ್ಕೆ ಪ್ರತಿಯಾಗಿ ನೋವನ್ನು ನೇರವಾಗಿ ನಿವೇದಿಸಿಕೊಂಡವರಿಗೆ ಈ ನಾಡಿನಲ್ಲಿ ಏನು ಫಲ ದೊರೆಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಧುನಿಕ ಪದದ ಹುಟ್ಟು

ಪಾಶ್ಚಾತ್ಯ ಮನಶ್ಶಾಸ್ತ್ರದಲ್ಲಿ ಇದಕ್ಕೆ ‘ಪ್ಯಾಸಿವ್ ಅಗ್ರೆಸಿವ್’ ವರ್ತನೆ ಎಂಬ ಹೆಸರಿದೆ. ನಿಷ್ಕ್ರಿಯತೆಯ ರೂಪದಲ್ಲಿ ತೋರುವ ಆಕ್ರಮಣ ಎಂದು ಅದರ ಅರ್ಥ. ಈ ಹೆಸರು ಹುಟ್ಟಿದ್ದು ಆಸ್ಪತ್ರೆಯಲ್ಲಿಯೂ ಅಲ್ಲ, ಕುಟುಂಬದಲ್ಲಿಯೂ ಅಲ್ಲ, ಸೇನಾ ಶಿಬಿರದಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲಿಯಂ ಮೆನಿಂಜರ್ ಎಂಬ ಮನೋವೈದ್ಯರ ನೇತೃತ್ವದಲ್ಲಿ ಅಮೆರಿಕದ ಯುದ್ಧ ಇಲಾಖೆ 1945ರಲ್ಲಿ ಹೊರಡಿಸಿದ ವೈದ್ಯಕೀಯ ಪ್ರಕಟಣೆಯಲ್ಲಿ ಇದು ಕಾಣಿಸಿಕೊಂಡಿತು. ಆಜ್ಞೆಯನ್ನು ನೇರವಾಗಿ ಧಿಕ್ಕರಿಸದೆ, ಮುಖ ಊದಿಸಿಕೊಂಡು, ಹಟ ಹಿಡಿದು, ಕಾಲಹರಣ ಮಾಡಿ, ಕೆಲಸವನ್ನು ಬೇಕೆಂದೇ ಕೆಡಿಸಿ, ಸದ್ದಿಲ್ಲದೆ ಅಡ್ಡಗಾಲು ಹಾಕುವ ಸೈನಿಕರನ್ನು ವರ್ಣಿಸಲು ಈ ಪದ ಬಳಕೆಯಾಯಿತು. ಅಮೆರಿಕದ ಮನೋವೈದ್ಯ ಸಂಘವು 1952ರಲ್ಲಿ ಪ್ರಕಟಿಸಿದ ರೋಗವರ್ಗೀಕರಣದ ಮೊದಲ ಕೈಪಿಡಿಯಲ್ಲಿ ಇದಕ್ಕೆ ಸ್ಥಾನ ದೊರೆಯಿತು. 1994ರ ನಾಲ್ಕನೆಯ ಆವೃತ್ತಿ ಇದನ್ನು ಅನುಬಂಧಕ್ಕೆ ಸರಿಸಿತು. 2013ರ ಐದನೆಯ ಆವೃತ್ತಿಯಲ್ಲಿ ಇದು ಪ್ರತ್ಯೇಕ ವ್ಯಾಧಿಯಾಗಿ ಉಳಿಯಲಿಲ್ಲ. ಹಾಗೆಂದು ಆ ವರ್ತನೆ ಲೋಕದಿಂದ ಮಾಯವಾಗಲಿಲ್ಲ. ಅದು ಕೆಲವರಿಗಷ್ಟೇ ತಗಲುವ ರೋಗವಲ್ಲ, ಎಲ್ಲ ಮನುಷ್ಯರಲ್ಲಿಯೂ ಸಂದರ್ಭಾನುಸಾರ ತಲೆದೋರುವ ದೋಷವೆಂದು ತಿಳಿಯುವುದೇ ಯುಕ್ತ.

ಈ ಇತಿಹಾಸದಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಹೆಸರನ್ನು ಇಟ್ಟವರು ಆಜ್ಞೆ ಮಾಡುವವರ ಪಕ್ಷದವರು. ಸೈನಿಕನ ಹಟವನ್ನು ಅವರು ಕಂಡರು. ಅವನ ಅಳಲನ್ನು ಹೇಳಿಕೊಳ್ಳಲು ಶಿಬಿರದಲ್ಲಿ ಮಾರ್ಗವಿತ್ತೆ ಎಂಬ ಪ್ರಶ್ನೆ ಆ ಹೆಸರಿನೊಳಗೆ ಸೇರಲಿಲ್ಲ. ಈ ಪ್ರಶ್ನೆಗೆ ಮುಂದೆ ಮರಳಬೇಕಾಗುತ್ತದೆ.

ಆಚಾರ್ಯರ ಸೂಕ್ಷ್ಮದೃಷ್ಟಿ

ಸೈನ್ಯದ ವೈದ್ಯರಿಗಿಂತ ಸುಮಾರು ಹದಿನಾಲ್ಕು ಶತಮಾನಗಳಷ್ಟು ಹಿಂದೆಯೇ ಪೂಜ್ಯಪಾದಾಚಾರ್ಯರು ಈ ದೋಷವನ್ನು ಒಂದೊಂದಾಗಿ ಬಿಡಿಸಿ ತೋರಿಸಿದ್ದರು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಜ್ಞಾನಾವರಣ ಮತ್ತು ದರ್ಶನಾವರಣ ಕರ್ಮಗಳ ಆಸ್ರವಕ್ಕೆ ಪ್ರದೋಷ, ನಿಹ್ನವ, ಮಾತ್ಸರ್ಯ, ಅಂತರಾಯ, ಆಸಾದನ, ಉಪಘಾತ ಎಂಬ ಆರು ಕಾರಣಗಳನ್ನು ಹೇಳಿದೆ. ಸರ್ವಾರ್ಥಸಿದ್ಧಿ ಟೀಕೆಯಲ್ಲಿ ಪೂಜ್ಯಪಾದರು ನೀಡುವ ವಿವರಣೆಯನ್ನು ಇಂದಿನ ಓದುಗರು ಅಗತ್ಯವಾಗಿ ಮನನ ಮಾಡಬೇಕು. ತತ್ತ್ವಜ್ಞಾನದ ಪ್ರಶಂಸೆ ನಡೆಯುತ್ತಿರುವಾಗ ಏನನ್ನೂ ಆಡದೆ ಕುಳಿತವನ ಒಳಗಿನ ಪೈಶುನ್ಯಪರಿಣಾಮವೇ ಪ್ರದೋಷ. ತಿಳಿದಿದ್ದರೂ ‘ನನಗೆ ಗೊತ್ತಿಲ್ಲ’ ಎಂದು ಮುಚ್ಚಿಡುವುದು ನಿಹ್ನವ. ಕೊಡಲು ಯೋಗ್ಯವಾದ ವಿದ್ಯೆಯನ್ನೂ ಕೊಡದಿರುವುದು ಮಾತ್ಸರ್ಯ. ಇನ್ನೊಬ್ಬರ ಕಲಿಕೆಗೆ ತಡೆಯೊಡ್ಡುವುದು ಅಂತರಾಯ. ಮೊದಲ ಮೂರರಲ್ಲಿ ಬೈಗುಳವಿಲ್ಲ, ಹೊಡೆತವಿಲ್ಲ. ಹೊರಗಿನಿಂದ ನೋಡುವವನಿಗೆ ಅಪರಾಧವೇ ಕಾಣದು. ಆದರೂ ಆಸ್ರವ ನಡೆದೇ ತೀರುತ್ತದೆ. ಸುಮ್ಮನಿರುವುದೂ ಒಂದು ಕ್ರಿಯೆಯಾಗಬಲ್ಲದೆಂಬ ಈ ತಿಳಿವಳಿಕೆ ಅಸಾಧಾರಣವಾದುದು.

ಅದೇ ಗ್ರಂಥದ ಏಳನೆಯ ಅಧ್ಯಾಯ ಶ್ರಾವಕವ್ರತಗಳ ಅತಿಚಾರಗಳನ್ನು ಎಣಿಸುತ್ತದೆ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಇಲ್ಲಿ ಕೈಯೆತ್ತುವುದಿಲ್ಲ, ಕೊಡಬೇಕಾದುದನ್ನು ಕೊಡದೆ ನೋಯಿಸಲಾಗುತ್ತದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ಸಾಕಾರಮಂತ್ರಭೇದವೆಂಬುದು, ಇನ್ನೊಬ್ಬರ ಮುಖಚರ್ಯೆಯಿಂದ ಅವರ ಅಂತರಂಗವನ್ನು ಅರಿತು ಅಸೂಯೆಯಿಂದ ಅದನ್ನು ಬಯಲು ಮಾಡುವುದು. ಅತಿಥಿಸಂವಿಭಾಗ ವ್ರತದ ಅತಿಚಾರಗಳಂತೂ ಇನ್ನೂ ಸೂಕ್ಷ್ಮ. ದಾನವನ್ನು ನಿರಾಕರಿಸುವುದಿಲ್ಲ, ಆದರೆ ಆದರವಿಲ್ಲದೆ, ಇತರ ದಾನಿಗಳನ್ನು ಸಹಿಸದೆ ಕೊಡುವುದು ಮಾತ್ಸರ್ಯ, ಹೊತ್ತು ಮೀರಿಸಿ ಕೊಡುವುದು ಕಾಲಾತಿಕ್ರಮ. ಸೇನಾ ಪ್ರಕಟಣೆ ಹೆಸರಿಸಿದ ಕಾಲಹರಣ ಇಲ್ಲಿ ವ್ರತದ ದೋಷವಾಗಿ ದಾಖಲಾಗಿದೆ.

ಜಪಮಾಲೆಯ 108 ಮಣಿಗಳ ಎಣಿಕೆಯೂ ಇದೇ ವಿಷಯಕ್ಕೆ ಸಂಬಂಧಿಸಿದುದೆಂಬುದನ್ನು ಅನೇಕರು ಮರೆತಿದ್ದಾರೆ. ಸಂರಂಭ, ಸಮಾರಂಭ, ಆರಂಭ ಎಂಬ ಮೂರು ಹಂತಗಳನ್ನು ಮನಸ್ಸು, ಮಾತು, ದೇಹ ಎಂಬ ಮೂರು ಯೋಗಗಳಿಂದ ಗುಣಿಸಿ, ಅದನ್ನು ಕೃತ, ಕಾರಿತ, ಅನುಮತ ಎಂಬ ಮೂರರಿಂದಲೂ, ಕ್ರೋಧ, ಮಾನ, ಮಾಯಾ, ಲೋಭ ಎಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ತಾನು ಕೈಯಾರೆ ಮಾಡುವುದು ಕೃತ. ಇನ್ನೊಬ್ಬರಿಂದ ಮಾಡಿಸುವುದು ಕಾರಿತ. ಇನ್ನೊಬ್ಬರು ಮಾಡಿದಾಗ ಒಳಗೊಳಗೇ ಒಪ್ಪುವುದು ಅನುಮತ. ಅವ್ಯಕ್ತ ಕ್ರೋಧ ನೆಲೆಸುವುದು ಬಹುಪಾಲು ಕೊನೆಯ ಎರಡರಲ್ಲಿಯೇ. ಸಭೆಯಲ್ಲಿ ತಾನು ಮಾತನಾಡದೆ ಮತ್ತೊಬ್ಬನಿಂದ ಆಕ್ಷೇಪ ಎತ್ತಿಸುವವನೂ, ಒಬ್ಬರನ್ನು ಅವಮಾನಿಸಿದಾಗ ತಲೆ ತಗ್ಗಿಸಿ ಮುಗುಳ್ನಗುವವನೂ ಈ ಲೆಕ್ಕದಿಂದ ಹೊರಗುಳಿಯುವುದಿಲ್ಲ.

ಆರು ತಿಂಗಳ ಗಡಿ

ಮದ್ದೂರು ತಾಲ್ಲೂಕಿನ ಸೋಮನಹಳ್ಳಿ ಬೆಂಗಳೂರು-ಮೈಸೂರು ಹೆದ್ದಾರಿಯ ಮೇಲಿದೆ. ಅದೇ ತಾಲ್ಲೂಕಿನ ಅರೆತಿಪ್ಪೂರು ಗಂಗರ ಕಾಲದಿಂದ ಪ್ರಸಿದ್ಧವಾದ ಜೈನಕ್ಷೇತ್ರ. ಅಲ್ಲಿನ ಬೆಟ್ಟದ ಮೇಲೆ ಬಾಹುಬಲಿಯ ಶಿಲಾಮೂರ್ತಿಯಿದೆ. ಅಣ್ಣನನ್ನು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದು, ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಕೊಟ್ಟು, ಬಳ್ಳಿಗಳು ಮೈಗೆ ಹಬ್ಬುವವರೆಗೆ ವರ್ಷಕಾಲ ಪ್ರತಿಮಾಯೋಗದಲ್ಲಿ ನಿಂತವನಿಗೂ ಒಳಗೆ ಒಂದು ಶಲ್ಯ ಉಳಿದಿತ್ತೆಂದು ಪರಂಪರೆ ಹೇಳುತ್ತದೆ. ತಾನು ನಿಂತಿರುವುದು ಭರತನ ನೆಲವೆಂಬ ಕೊರಗು ಎಂದು ಕೆಲವರು, ತನ್ನಿಂದ ಅಣ್ಣನಿಗೆ ಕ್ಲೇಶವಾಯಿತೆಂಬ ಕೊರಗು ಎಂದು ಕೆಲವರು ಅದನ್ನು ವಿವರಿಸಿದ್ದಾರೆ. ಭರತನು ಬಂದು ಪೂಜಿಸಿದ ಬಳಿಕವೇ ಕೇವಲಜ್ಞಾನ ಉದಿಸಿತು. ಹೊರಗೆ ಸಂಪೂರ್ಣ ತ್ಯಾಗ ನಡೆದಿದ್ದರೂ ಒಳಗೆ ಮುಳ್ಳು ಉಳಿಯಬಹುದು. ಆ ಮುಳ್ಳು ಹೊರಬರಲು ಇಬ್ಬರೂ ಎದುರುಬದುರಾಗಬೇಕು ಎಂಬುದು ಈ ಕಥೆಯ ಒಂದು ಪಾಠ.

981ರಲ್ಲಿ ಶ್ರವಣಬೆಳಗೊಳದಲ್ಲಿ ಗೊಮ್ಮಟಮೂರ್ತಿಯನ್ನು ಪ್ರತಿಷ್ಠಾಪಿಸಿದ ಚಾವುಂಡರಾಯನಿಗಾಗಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದರು. ಅದರ ಜೀವಕಾಂಡ ಕ್ರೋಧವನ್ನು ನಾಲ್ಕು ಗೆರೆಗಳಿಗೆ ಹೋಲಿಸುತ್ತದೆ: ಕಲ್ಲಿನ ಬಿರುಕು, ನೆಲದ ಬಿರುಕು, ಧೂಳಿನ ಗೆರೆ, ನೀರಿನ ಗೆರೆ. ಕರ್ಮಕಾಂಡದಲ್ಲಿ ಈ ಕಷಾಯಗಳ ವಾಸನಾಕಾಲವನ್ನು ನಿರ್ದೇಶಿಸಿದೆ. ಸಂಜ್ವಲನ ಕಷಾಯದ ವಾಸನೆ ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು, ಅನಂತಾನುಬಂಧಿಯದು ಭವಭವಾಂತರ. ಇಲ್ಲಿ ‘ವಾಸನೆ’ ಎಂಬ ಪದವೇ ಮುಖ್ಯವಾದುದು. ಕ್ರೋಧದ ಉದಯವಿಲ್ಲದಿರುವಾಗಲೂ ಅದರ ಸಂಸ್ಕಾರ ಒಳಗೆ ಉಳಿದಿರುವ ಕಾಲವನ್ನು ಟೀಕಾಕಾರರು ವಾಸನಾಕಾಲವೆಂದು ಕರೆದಿದ್ದಾರೆ. ಮುಖದಲ್ಲಿ ಕೋಪವಿಲ್ಲ, ನಾಲಗೆಯಲ್ಲಿ ಕೋಪವಿಲ್ಲ, ಆದರೂ ಕೋಪವಿದೆ. ಅವ್ಯಕ್ತ ಕ್ರೋಧಕ್ಕೆ ಇದಕ್ಕಿಂತ ನಿಷ್ಕೃಷ್ಟವಾದ ಲಕ್ಷಣ ದೊರೆಯಲಾರದು.

ವ್ಯಾಪಾರಸ್ಥರ ಭಾಷೆಯಲ್ಲಿ ಹೇಳುವುದಾದರೆ ಇದು ಬಾಕಿಯ ವಾಯಿದೆ. ಹದಿನೈದು ದಿನಗಳೊಳಗೆ ಚುಕ್ತಾ ಆದ ಮುನಿಸು ಒಂದು ಬಗೆ. ಆರು ತಿಂಗಳು ದಾಟಿ ಮುಂದಿನ ಖಾತೆಗೆ ಎಳೆದುಕೊಂಡು ಹೋದ ಮುನಿಸು ಸಮ್ಯಕ್ತ್ವಕ್ಕೇ ಹಾನಿಕರ. ಪಾಕ್ಷಿಕ, ಚಾತುರ್ಮಾಸಿಕ, ವಾರ್ಷಿಕ ಪ್ರತಿಕ್ರಮಣಗಳೂ ಹೀಗೆಯೇ ಗಡುವು ಹಾಕಿ ಮನಸ್ಸಿನ ಲೆಕ್ಕ ನೋಡಿಸುವ ಏರ್ಪಾಡುಗಳಾಗಿವೆ.

ಜನ್ನನ ಯಶೋಧರ: ಆಡದ ಮಾತಿನ ಪರಿಣಾಮ

ಶಾಸ್ತ್ರ ಹೇಳಿದ್ದನ್ನು ಕನ್ನಡದಲ್ಲಿ ಕಥೆಯಾಗಿ ಕಾಣಿಸಿದವನು ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಕವಿಚಕ್ರವರ್ತಿ ಜನ್ನ. 1209ರಲ್ಲಿ ಮುಗಿದ ಅವನ ಯಶೋಧರ ಚರಿತೆಯನ್ನು ಸಂಕಲ್ಪಹಿಂಸೆಯ ದುಷ್ಫಲವನ್ನು ತಿಳಿಸುವ ಕಾವ್ಯವೆಂದು ಓದುವುದು ರೂಢಿ. ಅದು ಸರಿಯಾದ ಓದು. ಆದರೆ ಆ ಸಂಕಲ್ಪಹಿಂಸೆಯವರೆಗೆ ಕಥೆ ಹೇಗೆ ಬಂದು ಮುಟ್ಟಿತೆಂಬುದನ್ನೂ ನೋಡಬೇಕು.

ಉಜ್ಜಯಿನಿಯ ಅರಸ ಯಶೋಧರನು ತನ್ನ ಅರಸಿ ಅಮೃತಮತಿ ಕುರೂಪಿಯಾದ ಮಾವುತನ ಬಳಿ ಹೋಗುವುದನ್ನು ಇರುಳಿನಲ್ಲಿ ಕಣ್ಣಾರೆ ಕಂಡ. ಕತ್ತಿಯನ್ನೆತ್ತಿದವನು ವಿವೇಕ ತಂದುಕೊಂಡು ತಡೆದ. ಇಲ್ಲಿಯವರೆಗೆ ಅವನ ನಡೆ ಸ್ತುತ್ಯವಾದುದು. ಆದರೆ ಕೈ ತಡೆದವನು ಮನಸ್ಸನ್ನು ತಿಳಿಗೊಳಿಸಲಿಲ್ಲ. ಮರುದಿನ ವಿನೋದವೆಂಬಂತೆ ಅರಸಿಯನ್ನು ನೈದಿಲೆಯ ಹೂವಿನಿಂದ ಹೊಡೆದ. ಅವಳು ಮೂರ್ಛೆ ಹೋದವಳಂತೆ ಬಿದ್ದಳು. ಹೂವಿನ ಪೆಟ್ಟಿಗೆ ಜೀವ ಹೋಗುವಂತಾಯಿತಲ್ಲ ಎಂಬ ಧಾಟಿಯಲ್ಲಿ ಅವನು ಕೊಂಕಾಡಿದ. ಹೊಡೆದದ್ದು ಹೂವಿನಿಂದ, ಆದುದರಿಂದ ಯಾರೂ ಅದನ್ನು ಹೊಡೆತವೆನ್ನಲಾರರು. ಆಡಿದ್ದು ಸರಸದ ಮಾತು. ಆದುದರಿಂದ ಯಾರೂ ಅದನ್ನು ಆರೋಪವೆನ್ನಲಾರರು. ಆದರೆ ಮುಟ್ಟಬೇಕಾದವರಿಗೆ ಪೆಟ್ಟು ಮುಟ್ಟಿತು. ಬಚ್ಚಿಟ್ಟ ಕ್ರೋಧದ ಸಂಪೂರ್ಣ ಸ್ವರೂಪ ಈ ಒಂದು ಪ್ರಸಂಗದಲ್ಲಿದೆ.

ಮುಂದೆ ಅವನು ತಾಯಿ ಚಂದ್ರಮತಿಯ ಬಳಿಗೆ ಹೋದ. ಅಲ್ಲಿಯೂ ನಡೆದುದನ್ನು ನಡೆದಂತೆ ಹೇಳದೆ ಕನಸೆಂಬ ನೆವದಲ್ಲಿ ಹೇಳಿದ. ಸುಳ್ಳು ಕನಸಿಗೆ ತಾಯಿ ನಿಜವಾದ ಶಾಂತಿಕರ್ಮ ಸೂಚಿಸಿದಳು: ಚಂಡಮಾರಿಗೆ ಬಲಿ. ಮಗನು ಜೀವಬಲಿಯನ್ನು ಒಪ್ಪಲಿಲ್ಲ. ಕೊನೆಗೆ ಹಿಟ್ಟಿನ ಕೋಳಿಗೆ ಒಪ್ಪಿದ. ಕತ್ತರಿಸುವಾಗ ಆ ಹಿಟ್ಟಿನ ಕೋಳಿ ಕೂಗಿತು. ಇತ್ತ ಅಮೃತಮತಿ ತನ್ನ ಗುಟ್ಟು ಬಯಲಾದುದನ್ನು ಅರಿತು ಗಂಡನಿಗೂ ಅತ್ತೆಗೂ ವಿಷವಿಕ್ಕಿದಳು. ತಾಯಿಮಕ್ಕಳು ನವಿಲು ಮತ್ತು ನಾಯಿಯಾಗಿ ಮೊದಲ್ಗೊಂಡು ಕೋಳಿಗಳಾಗುವವರೆಗೆ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಿ, ಕೊನೆಗೆ ಅಭಯರುಚಿ ಮತ್ತು ಅಭಯಮತಿಯರಾಗಿ ಹುಟ್ಟಿ, ಮಾರಿದತ್ತನ ಬಲಿಪೀಠದೆದುರು ನಿಂತು ತಮ್ಮ ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದರು. ಆ ಮಾತನ್ನು ಕೇಳಿ ಮಾರಿದತ್ತನು ಹಿಂಸೆಯನ್ನು ಬಿಟ್ಟ.

ಈ ಸರಪಳಿಯ ಕೊಂಡಿಗಳನ್ನು ಎಣಿಸಿದರೆ ಹೂವಿನ ಪೆಟ್ಟು, ಸುಳ್ಳು ಕನಸು, ಹಿಟ್ಟಿನ ಕೋಳಿ ಮೂರೂ ಒಂದೇ ಜಾತಿಯವೆಂಬುದು ಸ್ಪಷ್ಟವಾಗುತ್ತದೆ. ಮೂರರಲ್ಲಿಯೂ ಹೊರಗಿನ ವಸ್ತು ನಿರುಪದ್ರವಿ, ಒಳಗಿನ ಭಾವ ಘಾತಕ. ಹಿಟ್ಟಿನ ಕೋಳಿಯಲ್ಲಿ ಜೀವವಿಲ್ಲವೆಂಬ ಸಮಾಧಾನ ಹೇಗೆ ನಿಲ್ಲಲಿಲ್ಲವೋ ಹೂವಿನಲ್ಲಿ ಪೆಟ್ಟಿಲ್ಲವೆಂಬ ಸಮಾಧಾನವೂ ಹಾಗೆಯೇ ನಿಲ್ಲಲಿಲ್ಲ. ಭಾವಹಿಂಸೆಯ ತತ್ತ್ವ ಎರಡಕ್ಕೂ ಸಮಾನ. ಅರಸಿಯ ಅಪರಾಧವನ್ನು ಇದು ಕಡಿಮೆ ಮಾಡುವುದಿಲ್ಲ. ಆದರೆ ಯಶೋಧರನು ಅವಳೊಡನೆಯಾಗಲಿ ತಾಯಿಯೊಡನೆಯಾಗಲಿ ಒಮ್ಮೆ ನೇರವಾಗಿ ಮಾತನಾಡಿದ್ದರೆ ಬಲಿಯ ಮಾತು ಏಳಲು ಅವಕಾಶವೇ ಇರುತ್ತಿರಲಿಲ್ಲವೆಂಬುದೂ ಅಷ್ಟೇ ಸತ್ಯ. ಮುಚ್ಚಿಟ್ಟ ಮಾತಿನಿಂದ ಆರಂಭವಾದ ದುಃಖ ಬಿಚ್ಚಿಟ್ಟ ಮಾತಿನಿಂದಲೇ ಕೊನೆಗಂಡಿತು.

1368ರ ಬಿನ್ನಹ

ಕಾವ್ಯದಿಂದ ಶಾಸನಕ್ಕೆ ಬಂದರೆ ಇದಕ್ಕೆ ವಿರುದ್ಧವಾದ ನಿದರ್ಶನ ದೊರೆಯುತ್ತದೆ. ವಿಜಯನಗರದ ಬುಕ್ಕರಾಯನ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವ ಭಕ್ತರಿಗೂ ವಿವಾದವೆದ್ದಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ನಾಡುಗಳ ಜೈನರು ಭಕ್ತರಿಂದ ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನಹ ಮಾಡಿಕೊಂಡರು. ಶ್ರವಣಬೆಳಗೊಳದ ಶಾಸನವು ಶಕ 1290ನೆಯ ಕೀಲಕ ಸಂವತ್ಸರದ, ಎಂದರೆ 1368ರ, ಭಾದ್ರಪದ ಶುದ್ಧ ದಶಮಿಯದು. ಇಂದು ಶ್ರಾವಕರು ದಶಲಕ್ಷಣ ಪರ್ವವನ್ನು ಆಚರಿಸುವ ದಿನಗಳೊಳಗೇ ಆ ತಿಥಿ ಬರುತ್ತದೆ.

ಶ್ರೀರಂಗ, ತಿರುಮಲೆ, ಕಂಚಿಗಳ ಜೊತೆಗೆ ಇಂದಿನ ಮಂಡ್ಯ ಜಿಲ್ಲೆಯ ಮೇಲುಕೋಟೆಯ, ಅಂದರೆ ತಿರುನಾರಾಯಣಪುರದ, ಆಚಾರ್ಯರೂ ಸೇರಿದ ಸಭೆಯಲ್ಲಿ ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯಗಳಿಗೂ ಕಲಶಕ್ಕೂ ಜೈನದರ್ಶನವು ಹಿಂದಿನಂತೆಯೇ ಅರ್ಹವೆಂದು ನಿರ್ಣಯವಾಯಿತು. ಜೈನದರ್ಶನದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮ ಹಾನಿವೃದ್ಧಿಗಳೆಂದೇ ಭಾವಿಸತಕ್ಕದ್ದೆಂದು ವಿಧಿಸಲಾಯಿತು. ಇದಿಷ್ಟೇ ಆಗಿದ್ದರೆ ಒಳ್ಳೆಯ ಮಾತಾಗಿ ಉಳಿಯುತ್ತಿತ್ತು. ಅದಕ್ಕೊಂದು ವ್ಯವಸ್ಥೆಯನ್ನೂ ಮಾಡಲಾಯಿತು: ಜೈನರ ಮನೆಮನೆಯಿಂದ ವರ್ಷಕ್ಕೆ ಒಂದು ಹಣವನ್ನು ಸಂಗ್ರಹಿಸಿ, ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ನೇಮಿಸಿ, ಉಳಿದ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣಬಣ್ಣ ಮಾಡಿಸುವ ಹೊಣೆಯನ್ನು ತಿರುಮಲೆಯ ತಾತಯ್ಯನಿಗೆ ಒಪ್ಪಿಸಲಾಯಿತು. ಕಲ್ಲೆಹದ ಬುಸುವಿಸೆಟ್ಟಿಯ ಬಿನ್ನಹದಿಂದ ಈ ಏರ್ಪಾಡಿನ ಜೀರ್ಣೋದ್ಧಾರವೂ ನಡೆಯಿತೆಂದು ಶಾಸನ ತಿಳಿಸುತ್ತದೆ. ಈ ಕಲ್ಲೆಹವೇ ಮಾಗಡಿ ತಾಲ್ಲೂಕಿನ ಕಲ್ಯ. ಅಲ್ಲಿಯೂ ಈ ಒಪ್ಪಂದದ ಶಾಸನವಿದೆ.

ಇದನ್ನು ಆದರ್ಶವೆಂದು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಅನ್ಯಾಯಕ್ಕೊಳಗಾದವರೇ ಕಾವಲಿನ ಹಣವನ್ನು ತೆರಬೇಕಾಯಿತು. ಅಂದಿನ ಬಲಾಬಲಗಳಲ್ಲಿ ದೊರೆತ ನ್ಯಾಯ ಪೂರ್ಣವಾದ ಸಮಾನತೆಯಾಗಿರಲಿಲ್ಲ. ಆದರೂ ನೋವು ಬಾಯಿಗೆ ಬಂದುದರಿಂದ ಅದಕ್ಕೆ ಕಿವಿ ದೊರೆಯಿತು. ಕಿವಿ ದೊರೆತುದರಿಂದ ಅದು ಸೇಡಾಗಿ ಕೊಳೆಯಲಿಲ್ಲ. ಕಲ್ಲಿನ ಬಿರುಕಾಗಬಹುದಾಗಿದ್ದ ವೈರವನ್ನು ಕಲ್ಲಿನ ಬರಹವನ್ನಾಗಿ ಮಾಡಿದುದು ಆ ಪೀಳಿಗೆಯ ಹಿರಿಮೆ.

ದುರ್ಬಲರ ಮೌನ

ಬಿನ್ನಹಕ್ಕೆ ಕಿವಿಯೇ ಇಲ್ಲದಿದ್ದಾಗ ಏನು ಮಾಡಬೇಕು? ಸೇನಾ ಶಿಬಿರದ ವಿಷಯದಲ್ಲಿ ಎದ್ದ ಪ್ರಶ್ನೆ ಇದೇ. ಮನೆಯಲ್ಲಿ ಸೊಸೆ, ಅಂಗಡಿಯಲ್ಲಿ ಗುಮಾಸ್ತ, ಬಸದಿಯಲ್ಲಿ ಪುರೋಹಿತ, ಸಮಿತಿಯಲ್ಲಿ ಕಿರಿಯ ಸದಸ್ಯ ಇವರ ವಿಳಂಬವನ್ನೂ ಮುನಿಸನ್ನೂ ಹಳಿಯುವ ಮೊದಲು, ಅವರಿಗೆ ‘ಆಗದು’ ಎನ್ನುವ ಸ್ವಾತಂತ್ರ್ಯ ಇತ್ತೆ ಎಂದು ಹಿರಿಯರು ಕೇಳಿಕೊಳ್ಳಬೇಕು. ನೇರ ಮಾತಿಗೆ ಶಿಕ್ಷೆ ವಿಧಿಸುವ ಮನೆಯಲ್ಲಿ ವಕ್ರ ಮಾತು ಬೆಳೆಯುವುದು ಸಹಜ. ಅಂಥಲ್ಲಿ ದೋಷದ ಅರ್ಧ ಭಾಗ ಕೇಳದವರ ಖಾತೆಗೇ ಸೇರುತ್ತದೆ.

ದುರ್ಬಲರಿಗೂ ನೇರವಾದ ದಾರಿ ಇದೆಯೆಂಬುದಕ್ಕೆ ಮದ್ದೂರು ಸೀಮೆಯೇ ಸಾಕ್ಷಿ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆದಾಗ ರಾಷ್ಟ್ರಧ್ವಜಾರೋಹಣವನ್ನು ಸರ್ಕಾರ ನಿಷೇಧಿಸಿತ್ತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ್ದವರು ಆಜ್ಞೆಯನ್ನು ಒಪ್ಪಿದಂತೆ ನಟಿಸಲಿಲ್ಲ. ಇರುಳಿನಲ್ಲಿ ಬಚ್ಚಿಟ್ಟು ಏರಿಸಲೂ ಇಲ್ಲ. ಹಗಲಿನಲ್ಲಿ, ಎಲ್ಲರೆದುರಿಗೆ ಧ್ವಜವನ್ನೇರಿಸಿ ಬಂಧನಕ್ಕೊಳಗಾದರು. ಅದೇ ತಿಂಗಳಿನಲ್ಲಿ ವಿದುರಾಶ್ವತ್ಥದಲ್ಲಿ ಗೋಲಿಬಾರಿನ ದುರಂತ ನಡೆದ ಬಳಿಕ, ಸರ್ದಾರ್ ಪಟೇಲರೂ ದಿವಾನ್ ಮಿರ್ಜಾ ಇಸ್ಮಾಯಿಲರೂ ಮಾತುಕತೆ ನಡೆಸಿ, ಸಂಸ್ಥಾನದ ಧ್ವಜದೊಡನೆ ರಾಷ್ಟ್ರಧ್ವಜವನ್ನೂ ಏರಿಸಲು ಒಪ್ಪಂದವಾಯಿತು. ಅಸಹಕಾರಕ್ಕೂ ಅಡ್ಡಗಾಲಿಗೂ ಇರುವ ಅಂತರ ಇಲ್ಲಿ ಸ್ಪಷ್ಟ. ಸತ್ಯಾಗ್ರಹಿ ತನ್ನ ವಿರೋಧವನ್ನು ಮೊದಲೇ ತಿಳಿಸಿ ಅದರ ಫಲವನ್ನು ತಾನೇ ಉಣ್ಣುತ್ತಾನೆ. ಬಚ್ಚಿಟ್ಟು ಕೋಪಿಸುವವನು ವಿರೋಧವನ್ನು ಅಲ್ಲಗಳೆದು ಅದರ ಫಲವನ್ನು ಇತರರಿಗೆ ಉಣಿಸುತ್ತಾನೆ.

ಎಲ್ಲ ಮೌನವೂ ಕ್ರೋಧವಲ್ಲವೆಂಬುದನ್ನೂ ಸ್ಪಷ್ಟಪಡಿಸಬೇಕು. ವಚನಗುಪ್ತಿ ಮಹಾವ್ರತಿಗಳ ಸಾಧನೆ. ಮಾತು ಹಿಡಿಯುವುದು ಶ್ರಾವಕರಿಗೂ ಹಿತ. ಎರಡರ ಭೇದವನ್ನು ಹೀಗೆ ಅರಿಯಬಹುದು: ಇನ್ನೊಬ್ಬರಿಗೆ ನೋವಾಗದಿರಲೆಂದು ಹಿಡಿದ ಮೌನ ಗುಪ್ತಿ, ಇನ್ನೊಬ್ಬರಿಗೆ ನೋವಾಗಲೆಂದು ಹಿಡಿದ ಮೌನ ಹಿಂಸೆ.

ಆಚರಣೆಗೆ ಕೆಲವು ಮಾತು

ಇಂದು ದಶಲಕ್ಷಣ ಪರ್ವದ ಬಳಿಕ ಕ್ಷಮಾವಾಣಿಯ ಸಂದೇಶಗಳು ಊರೂರಿಗೆ ಹರಿದಾಡುತ್ತವೆ. ಮುದ್ರಿತ ಪತ್ರಗಳ ಕಾಲ ಕಳೆದು ದೂರವಾಣಿಯ ಪರದೆಯ ಮೇಲೆ ಒಂದೇ ಸಂದೇಶ ನೂರಾರು ಜನರಿಗೆ ಏಕಕಾಲಕ್ಕೆ ತಲಪುತ್ತದೆ. ಆ ನೂರರಲ್ಲಿ ನಿಜವಾಗಿ ಕ್ಷಮೆ ಕೇಳಬೇಕಾದ ಒಬ್ಬರಿಗೆ ಮಾತ್ರ ಕಳುಹಿಸದಿರುವುದೂ ಉಂಟು. ಆ ಒಬ್ಬರ ಮನೆಗೆ ನಡೆದು ಹೋಗುವುದೇ ಕ್ಷಮಾವಾಣಿ, ಉಳಿದುದು ಉಪಚಾರ.

ಬಸದಿಗಳ ಆಡಳಿತ ಮಂಡಳಿಗಳು ಗಮನಿಸಬೇಕಾದುದೂ ಇದೆ. ಆಮಂತ್ರಣಪತ್ರಿಕೆಯಲ್ಲಿ ಹೆಸರನ್ನು ಬಿಡುವುದು, ಬೀಗದ ಕೈಯನ್ನು ಹೊತ್ತಿಗೆ ಕೊಡದಿರುವುದು, ಲೆಕ್ಕಪತ್ರವನ್ನು ‘ಹುಡುಕುತ್ತಿದ್ದೇನೆ’ ಎಂದು ತಿಂಗಳುಗಟ್ಟಲೆ ತಡೆಯುವುದು, ಸಭೆಗೆ ಬಾರದೆ ಕೋರಂ ಕೆಡಿಸುವುದು ಇವು ನಿಹ್ನವ, ಅಂತರಾಯ, ಕಾಲಾತಿಕ್ರಮಗಳ ಇಂದಿನ ರೂಪಗಳೇ ಆಗಿವೆ. ಭಿನ್ನಾಭಿಪ್ರಾಯವನ್ನು ನಡವಳಿಯ ಪುಸ್ತಕದಲ್ಲಿ ಬರೆಸುವ ಅವಕಾಶ ಪ್ರತಿ ಸದಸ್ಯನಿಗೂ ಇರಬೇಕು. ಹಾಗೆ ಬರೆಸಿದವನನ್ನು ದ್ರೋಹಿಯೆಂದು ಕಾಣಬಾರದು. 1368ರ ಒಪ್ಪಂದದಂತೆ, ಸಂಧಿಯ ಮಾತಿನ ಜೊತೆಗೆ ಅದನ್ನು ನಡೆಸುವ ವ್ಯಕ್ತಿ, ಹಣ, ಗಡುವು ಕೂಡ ನಿಗದಿಯಾಗಬೇಕು.

ಮನೆಗಳಿಗೆ ಗೊಮ್ಮಟಸಾರದ ಅಳತೆಯೇ ಸಾಕು. ಮುನಿಸು ಬಂದಾಗ ಅದನ್ನು ಹೇಳಬೇಕಾದವರಿಗೇ, ಒಂದೇ ವಿಷಯವನ್ನು ಹಿಡಿದು, ಹಳೆಯದನ್ನು ಕೆದಕದೆ, ಒಂದು ಪಕ್ಷದೊಳಗೆ ಹೇಳಿ ಮುಗಿಸುವುದು ಶ್ರೇಯಸ್ಕರ. ಕೇಳುವವರೂ ಹೇಳಿದವರನ್ನು ಹೇಳಿದ್ದಕ್ಕಾಗಿ ದಂಡಿಸಬಾರದು. ಆರು ತಿಂಗಳು ದಾಟಲು ಬಿಟ್ಟ ಬಾಕಿಗೆ ಬಡ್ಡಿ ತೆರುವವರು ಮಕ್ಕಳು ಮೊಮ್ಮಕ್ಕಳು. ಯಾವ ಕಾರಣಕ್ಕೆಂದು ತಿಳಿಯದೆಯೇ ದಾಯಾದಿಗಳ ಮನೆಯ ಹೊಸ್ತಿಲು ತುಳಿಯದ ಮಕ್ಕಳು ಎಷ್ಟೋ ಊರುಗಳಲ್ಲಿ ಬೆಳೆಯುತ್ತಿದ್ದಾರೆ. ಅವರಿಗಾಗಿಯಾದರೂ ಹಿರಿಯರು ಬೂದಿಯನ್ನು ಕೆದಕಿ, ಕೆಂಡವನ್ನು ಹೊರಗೆ ತೆಗೆದು, ನೀರು ಹೊಯ್ದು ಆರಿಸಬೇಕು.